ಚಿಲಕವಿಲ್ಲದ ಮನೆಯ ರಿಜಿಸ್ಟರ್ ಕಾಗದ

ಆ ರಬ್ಬರ್ ಮೊಹರನ್ನು ಶಿವಮಲ್ಲು ಮಾಡಿಸಿದ್ದು ಚಾಮರಾಜನಗರದ ಬಸ್ ಸ್ಟ್ಯಾಂಡಿನ ಹಿಂದಿದ್ದ ಒಂದು ಸಣ್ಣ ಅಂಗಡಿಯಲ್ಲಿ. ಏನು ಅಕ್ಷರ ಕೆತ್ತಬೇಕು ಅಂತ ಅಂಗಡಿಯವನು ಕೇಳಿದಾಗ ಬಾಯಲ್ಲಿ ಹೇಳುವುದಕ್ಕೆ ಆಗದೆ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ: ‘ಬಾಗಿಲು ಹಾಕಿತ್ತು. ವಾಪಸ್.’

ಅಂಗಡಿಯವನು ಚೀಟಿ ಓದಿ ನಕ್ಕಿದ್ದ. “ಏನ್ ಸಾರ್, ನಿಮ್ಮೂರಲ್ಲಿ ಮೊಹರು ಮಾಡಿಸೋವಷ್ಟು ಜನ ಬಾಗ್ಲು ಹಾಕ್ಕೊಂಡು ಓಯ್ತಾರಾ?”

“ಹೂ ಕೀಳಕ್ಕೆ ಓಯ್ತಾರೆ ಕಣಪ್ಪ, ಈಗ ಚೆಂಡುವ್ವಿನ ಕಾಲ ಅಲ್ವಾ” ಅಂದಿದ್ದ ಶಿವಮಲ್ಲು. ಆಗಿನ್ನೂ ಚೆಂಡುಹೂವಿನ ಸಸಿಯನ್ನೇ ಯಾರೂ ನೆಟ್ಟಿರಲಿಲ್ಲ.

ಗುಂಡ್ಲುಪೇಟೆ ರಸ್ತೆಯಿಂದ ಎರಡು ಮೈಲಿ ಒಳಗಿರುವ ಮಂಚಿಹುಂಡಿಯಲ್ಲಿ ಶಿವಮಲ್ಲು ಮೂವತ್ತೆರಡು ವರ್ಷದಿಂದ ಪೋಸ್ಟ್ ಮಾಸ್ತರ. ಆಫೀಸು ಅಂದರೆ ಅವನದೇ ಮನೆಯ ಮುಂದಿನ ಕೋಣೆ. ಗೋಡೆಗೆ ಕೆಂಪು ಬೋರ್ಡು, ಒಂದು ಮೇಜು, ಒಂದು ಕಬ್ಬಿಣದ ಪೆಟ್ಟಿಗೆ. ಮೊದಲು ಆ ಆಫೀಸಿಗೆ ಮೂವರು ಜನವಿದ್ದರು. ಬಸ್ಸಿನಿಂದ ಚೀಲ ಹೊತ್ತು ತರುವುದಕ್ಕೆ ಚಿಕ್ಕಮಲ್ಲಪ್ಪ, ಮನೆ ಮನೆಗೆ ಹಂಚುವುದಕ್ಕೆ ಪುಟ್ಟಮಾದಯ್ಯ, ಮೇಜಿನ ಮುಂದೆ ಕೂರುವುದಕ್ಕೆ ಶಿವಮಲ್ಲು. ಚಿಕ್ಕಮಲ್ಲಪ್ಪ ನಿವೃತ್ತನಾದ ದಿನವೇ ಅವನ ಹುದ್ದೆಯೂ ನಿವೃತ್ತವಾಯಿತು. ಇಲಾಖೆಯವರು ಇನ್ನು ಆ ಹುದ್ದೆ ಬೇಡ ಅಂತ ಕಾಗದ ಕಳಿಸಿದರು. ಚೀಲ ಶಿವಮಲ್ಲುವಿನ ಮೊಪೆಡ್ಡಿಗೆ ಬಂತು. ಹೋದ ವರ್ಷದ ಹಿಂದಿನ ವರ್ಷ ಪುಟ್ಟಮಾದಯ್ಯ ಕಾಗದ ಹಂಚಿಕೊಂಡು ಬಂದು, ಇದೇ ಜಗಲಿಯ ಮೇಲೆ ಕೂತು, “ಯಾಕೋ ಎದೆ ಇಡ್ಕಂಡಂಗೆ ಆಯ್ತದೆ ಕಣಣ್ಣೋ” ಅಂದವನು ಮತ್ತೆ ಏಳಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಅಂಚೆ ಇಲಾಖೆಯ ಇನ್ಸ್‌ಪೆಕ್ಟರ್ ಕಿರಣ್ ಕುಮಾರ್ ಬೈಕಿನಲ್ಲಿ ಬಂದರು. ಮಗನ ವಯಸ್ಸಿನ ಸಾಹೇಬರು, ಮಾತು ಮೆತ್ತಗೆ. ಬೀರಯ್ಯನ ಟೀ ಅಂಗಡಿಯ ಮುಂದೆ, ನಾಲ್ಕು ಜನ ಕೇಳುವ ಹಾಗೆ, “ಶಿವಮಲ್ಲು ಅವರಂಥವರು ಇರೋದಕ್ಕೇ ನಮ್ಮ ಡಿಪಾರ್ಟ್‌ಮೆಂಟು ನಿಂತಿರೋದು. ಇಬ್ಬರ ಕೆಲಸ ಇವರಿಗೆ ಯಾವ ಲೆಕ್ಕ?” ಅಂದರು. ಆಮೇಲೆ ಒಂದು ಫಾರಂ ತೆಗೆದರು. ಹಂಚುವ ಕೆಲಸವನ್ನೂ ತೊಂದರೆಯಿಲ್ಲದೆ ನಿಭಾಯಿಸುತ್ತೇನೆ ಅಂತ ಅದರಲ್ಲಿ ಬರೆದಿತ್ತು. ಟೀ ಅಂಗಡಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಶಿವಮಲ್ಲು ಎದೆಯುಬ್ಬಿಸಿ, ಮುತ್ತಿನಂಥ ಅಕ್ಷರದಲ್ಲಿ ರುಜು ಹಾಕಿಬಿಟ್ಟ.

ಆರು ತಿಂಗಳಿಗೆ ಅವನ ಮಂಡಿ ಹೋಯಿತು. ಅರವತ್ತೊಂದರ ಮಂಡಿ. ಬೆಳಿಗ್ಗೆ ಚೀಲ ತರಬೇಕು, ಆಮೇಲೆ ಮೇಜಿನ ಮುಂದೆ ಕೂತು ಪಿಂಚಣಿ, ಉಳಿತಾಯ, ಆಧಾರ್ ಅಂತ ಬಂದವರನ್ನು ನೋಡಬೇಕು. ಮೇಲಿನಿಂದ ದಿನಾ ಮೆಸೇಜು, ಇಷ್ಟು ಖಾತೆ ತೆರೆಸಿದ್ದೀರಾ, ಇಷ್ಟು ವಿಮೆ ಮಾಡಿಸಿದ್ದೀರಾ ಅಂತ. ಇಷ್ಟೆಲ್ಲ ಮುಗಿಸಿ ಮೂರು ಊರಿಗೆ ಕಾಗದ ಹಂಚಬೇಕು. ಇಲಾಖೆ ಕೊಟ್ಟ ಮೊಬೈಲು ಬೇರೆ ಒಂದು ಶನಿ. ರಿಜಿಸ್ಟರ್ ಕಾಗದವನ್ನು ಸಂಜೆಯೊಳಗೆ ‘ಕೊಟ್ಟಿದೆ’ ಅಂತ ಒತ್ತಬೇಕು, ಇಲ್ಲವೇ ಕೊಡದೆ ಇದ್ದದ್ದಕ್ಕೆ ಕಾರಣ ಒತ್ತಬೇಕು. ‘ಹಂಚುವವನಿಗೆ ಮಂಡಿ ನೋವು’ ಅನ್ನುವ ಕಾರಣ ಆ ಮೊಬೈಲಿನಲ್ಲಿ ಇರಲಿಲ್ಲ. ‘ಬಾಗಿಲು ಹಾಕಿತ್ತು’ ಅನ್ನುವುದಿತ್ತು.

ಮೊದಲ ಸಲ ಅದನ್ನು ಒತ್ತಿದ ದಿನ ಅವನಿಗೆ ಮುದ್ದೆ ಇಳಿಯಲಿಲ್ಲ. ಮಾರನೇ ದಿನ ಬೆಳಿಗ್ಗೆಯೇ ಓಡಿಹೋಗಿ ಆ ಕಾಗದ ಕೊಟ್ಟು ಬಂದ. ಆಮೇಲೆ ಮಾರನೇ ದಿನ ಅನ್ನುವುದು ಮೂರನೇ ದಿನವಾಯಿತು, ಮೂರು ಐದಾಯಿತು. ಏಳು ದಿನ ಕಳೆದರೆ ಕಾಗದ ಕಳಿಸಿದವರಿಗೇ ವಾಪಸ್. ಹೆಚ್ಚಿನವು ಬ್ಯಾಂಕಿನವರ ನೋಟೀಸುಗಳು. ಬಾರದೆ ಹೋದರೆ ಜನ ಸಂತೋಷವೇ ಪಡುತ್ತಾರೆ ಅಂತ ತನಗೆ ತಾನೇ ಹೇಳಿಕೊಂಡ. ಲಕೋಟೆಯ ಮೇಲೆ ಅದೇ ಸುಳ್ಳನ್ನು ಮತ್ತೆ ಮತ್ತೆ ಬರೆಯುವಾಗ ಅಕ್ಷರ ಸೊಟ್ಟಗಾಗುತ್ತಿತ್ತು. ಅದಕ್ಕೇ ಮೊಹರು ಮಾಡಿಸಿದ್ದು. ಮೊಹರಾದರೆ ಲಕೋಟೆಯ ಮೂಲೆಗಳನ್ನು ಜಾರಿಸಿಕೊಂಡು ಟಪ್ ಟಪ್ ಅಂತ ಒತ್ತಿಬಿಡಬಹುದು. ಹೆಸರು ಓದುವ ಕಷ್ಟವೂ ಇಲ್ಲ.

ಜುಲೈ ತಿಂಗಳ ಒಂದು ಶುಕ್ರವಾರ, ಪುಟ್ಟಮಾದಯ್ಯನ ಮಗಳು ಭಾನು ಚಾಮರಾಜನಗರದಿಂದ ಬಂದ ಬಸ್ಸು ಇಳಿದವಳು ಮನೆಗೂ ಹೋಗದೆ ನೇರ ಪೋಸ್ಟಾಫೀಸಿಗೆ ಬಂದಳು. ಬದನಗುಪ್ಪೆಯ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸ ಅವಳದು. ಬೆಳಗಾಗುವ ಮುಂಚೆ ವ್ಯಾನು ಹತ್ತಬೇಕು. ಅಪ್ಪ ಕೆಲಸದಲ್ಲಿದ್ದಾಗಲೇ ಸತ್ತದ್ದರಿಂದ ಆ ಹುದ್ದೆಯನ್ನು ಅನುಕಂಪದ ಮೇಲೆ ತನಗೆ ಕೊಡಬೇಕು ಅಂತ ಅರ್ಜಿ ಹಾಕಿ ಒಂದೂವರೆ ವರ್ಷವಾಗಿತ್ತು. ಆ ಅರ್ಜಿಯನ್ನು ಬರೆದುಕೊಟ್ಟವನು ಶಿವಮಲ್ಲುವೇ.

“ರಜಾ ಹಾಕಿ ಫೈಲ್ ಕೇಳಕ್ಕೆ ಓಗಿದ್ದೆ ದೊಡ್ಡಪ್ಪ” ಅಂದಳು. ಅವನು ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. “ಒರಿಜಿನಲ್ ದಾಖಲೆ ತಗಂಡು ಜೂನ್ ಇಪ್ಪತ್ತರೊಳಗೆ ಬನ್ನಿ ಅಂತ ಮೇ ತಿಂಗ್ಳಲ್ಲೇ ನಂಗೆ ರಿಜಿಸ್ಟರ್ ಕಳ್ಸಿದ್ರಂತೆ. ಓಗ್ಲಿಲ್ಲ ಅಂತ ಫೈಲ್ ಮುಚ್ಚವ್ರೆ. ಆಸಕ್ತಿ ಇಲ್ಲ ಅಂತ ಬರದವ್ರೆ ದೊಡ್ಡಪ್ಪ, ನಂಗೆ ಆಸಕ್ತಿ ಇಲ್ವಂತೆ.”

ಫೋನು ತೆಗೆದು ಒಂದು ಫೋಟೋ ತೋರಿಸಿದಳು. ಕಂದು ಲಕೋಟೆ. ಮೇಲೆ ಅವಳ ಹೆಸರು. ಮೂಲೆಯಲ್ಲಿ ನೇರಳೆ ಶಾಯಿ.

ಶಿವಮಲ್ಲು ಕನ್ನಡಕ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದ. ಮೇ ತಿಂಗಳು. ಹೌದು, ವಿಮೆ ಮೇಳ ಅಂತ ಹದಿನೈದು ದಿನ ಕುಣಿಸಿದ್ದರು. ಆಗ ಭಾನುವಿನ ಊರಾದ ಕೆಳಗಲಹುಂಡಿಯ ಕಾಗದದ ಕಟ್ಟು ಹಾಗೇ ರಬ್ಬರ್ ಬ್ಯಾಂಡಿನಲ್ಲಿ ಕೂತಿತ್ತು. ಏಳನೇ ದಿನ ಬ್ಯಾಂಡನ್ನೂ ಬಿಚ್ಚದೆ ಮೂಲೆ ಜಾರಿಸಿ ಟಪ್ ಟಪ್ ಅನ್ನಿಸಿದ್ದ.

“ನಮ್ಮನೆ ಬಾಗ್ಲು ಯಾವತ್ತು ಹಾಕಿತ್ತು ದೊಡ್ಡಪ್ಪ?”

ಇಲ್ಲಿ ಒಂದು ಮಾತು ಹೇಳಬೇಕು. ಆಗಲೇ ‘ತಪ್ಪಾಯ್ತು ಕಣಮ್ಮಿ’ ಅಂದಿದ್ದರೆ ಶಿವಮಲ್ಲು ಆಮೇಲೆ ಪಟ್ಟ ಪಾಡಿನಲ್ಲಿ ಅರ್ಧ ತಪ್ಪುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಬಾಯಿ ಬಿಟ್ಟಾಗ ಹೊರಟದ್ದೇ ಬೇರೆ.

“ನಾ ಬಂದಿದ್ದೆ ಕಣಮ್ಮಿ, ಎರಡು ಸಲ ಬಂದಿದ್ದೆ. ನೀನು ಡ್ಯೂಟಿಗೋಗಿದ್ದೆ, ನಿಮ್ಮವ್ವ ಎಲ್ಲೋ ಓಗಿತ್ತು.”

ಭಾನು ಅವನ ಮುಖವನ್ನೇ ನೋಡಿದಳು. ಅವಳಿಗೆ ಕಾಗುಣಿತ ತಿದ್ದಿಸಿದವನು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಪ್ಲಾಸ್ಟಿಕ್ ಕವರು ಹಾಕಿಸಿ ಕೊಟ್ಟವನು ಅವನೇ.

“ಇರ್ಬೋದು ಬುಡಿ” ಅಂದಳು. ಫೋನನ್ನು ಚೀಲಕ್ಕೆ ಹಾಕಿಕೊಂಡು ಬಿಸಿಲಿಗಿಳಿದು ನಡೆದಳು. ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅವತ್ತು ಊಟಕ್ಕೆ ಕೂತಾಗ ಹೆಂಡತಿ ಈರಮ್ಮ ಮುದ್ದೆಯ ತಟ್ಟೆ ಮುಂದಿಟ್ಟು, “ಏನು, ಸಾರು ಉಪ್ಪಾಯ್ತಾ? ಸಾರಿಗೆ ಕಣ್ಣೀರು ಬಿಟ್ಕಂಡು ಕೂತಿದ್ದೀರಲ್ಲ” ಅಂದಳು. ಅವಳ ಬಾಯಿಗೆ ಹೆದರಿ ಅವನು ಎಲ್ಲವನ್ನೂ ಹೇಳಿದ. ಈರಮ್ಮ ಕೈಯಲ್ಲಿದ್ದ ಸೌಟನ್ನು ಸಾರಿನ ಪಾತ್ರೆಗೆ ವಾಪಸ್ ಇಟ್ಟಳು. 

“ಪುಟ್ಟಮಾದಣ್ಣನ ಮನೆ ಬಾಗ್ಲು” ಅಂದಳು. “ಬ್ಯಾರೆ ಮನೆ ಸಿಕ್ನಿಲ್ವಾ ನಿಮ್ಗೆ?”

“ಹೆಸ್ರು ನೋಡ್ನಿಲ್ಲ ಕಣೆ.”

“ನೋಡ್ದೆ ಒತ್ತಿದ್ದು ಇನ್ನೂ ಚೆಂದಾಯ್ತು. ಈಗೇನ್ಮಾಡೀರಿ? ಬಾಯಿ ಬಿಟ್ರೆ ಮನೇಲಿ ಕೂರುಸ್ತಾರೆ. ಇನ್ನು ನಾಕು ವರ್ಸ ಅದೆ. ಸುಮ್ಕಿರಿ.” ಆಮೇಲೆ ತಟ್ಟೆ ಎತ್ತುತ್ತ, ಬೇರೆ ದನಿಯಲ್ಲಿ, “ಆ ಹುಡ್ಗಿ ಅವ್ವ ಗುರುಮಲ್ಲಮ್ಮನ ಮುಖ ನಾನೆಂಗೆ ನೋಡ್ಲಿ?” ಅಂದಳು.

ಮಾರನೇ ದಿನದಿಂದ ಶಿವಮಲ್ಲು ಹುಚ್ಚು ಹಿಡಿದವನ ಹಾಗೆ ಕಾಗದ ಹಂಚತೊಡಗಿದ. ಮಂಡಿಗೆ ಎಣ್ಣೆ ಹಚ್ಚಿಕೊಂಡು, ಹೊಲದಲ್ಲಿದ್ದವರನ್ನು ಹೊಲಕ್ಕೇ ಹುಡುಕಿಕೊಂಡು ಹೋಗಿ ಕೊಟ್ಟ. ರಸ್ತೆಯ ಎರಡೂ ಬದಿಗೆ ಚೆಂಡುಹೂವು ಅರಳಿ ಕೇರಳದ ಕಾರುಗಳು ಸಾಲಾಗಿ ನಿಂತಿದ್ದವು. ಫೋಟೋ ತೆಗೆಸಿಕೊಳ್ಳುತ್ತಿದ್ದವರ ನಡುವೆ ನುಗ್ಗಿಕೊಂಡು, ಹೂ ಕೀಳುತ್ತಿದ್ದ ಹೆಂಗಸಿಗೆ ಒಂದು ಎಲ್‌ಐಸಿ ನೋಟೀಸು ಕೊಟ್ಟು ಬಂದ. ಬೀರಯ್ಯ ಟೀ ಸೋಸುತ್ತ ಕೂಗಿದ: “ಏನ್ಲಾ ಶಿವಮಲ್ಲು, ಪಂಚಾಯ್ತಿ ಎಲೆಕ್ಷನ್‌ಗೆ ನಿಂತ್ಕಂಡಿದ್ದೀಯೇನ್ಲಾ? ಬಾಗ್ಲು ಬಾಗ್ಲಿಗೆ ಬಂದು ಕೈ ಮುಗೀತಿದ್ದೀಯಲ್ಲ!” ಎಲ್ಲರೂ ನಕ್ಕರು. ಶಿವಮಲ್ಲುವೂ ನಕ್ಕ.

ಕೆಳಗಲಹುಂಡಿಗೂ ದಿನಾ ಹೋಗುತ್ತಿದ್ದ. ಪುಟ್ಟಮಾದಯ್ಯನ ಮನೆಯ ಮುಂದೆ ಮಾತ್ರ ಮೊಪೆಡ್ಡಿನ ವೇಗ ಹೆಚ್ಚುತ್ತಿತ್ತು. ಆದರೂ ಗುರುಮಲ್ಲಮ್ಮ ಜಗಲಿಯಲ್ಲಿ ಕೂತಲ್ಲಿಂದಲೇ ಕರೆಯುತ್ತಿದ್ದಳು, “ಬಾವಾ, ಮಜ್ಜಿಗೆ ಕುಡ್ಕಂಡು ಓಗಿ, ಬಿಸ್ಲು ಅದೆ.” ಅವಳಿಗೆ ಗೊತ್ತಿಲ್ಲವೇನೋ ಅಂದುಕೊಂಡ. ಮಗಳು ಹೇಳಿಲ್ಲವೇನೋ. ಆ ಆಸೆಯೂ ನಾಚಿಕೆಯದೇ ಆಗಿತ್ತು.

ಭಾನು ಮೇಲಿನ ಆಫೀಸಿಗೆ ಒಂದು ದೂರು ಬರೆದಿದ್ದಳು. ಯಾರ ಹೆಸರನ್ನೂ ಹಾಕಿರಲಿಲ್ಲ. ಕಾಗದ ನನಗೆ ತಲುಪಿಲ್ಲ, ಮತ್ತೆ ಒಂದು ಅವಕಾಶ ಕೊಡಿ, ಅಷ್ಟೇ. ಆಗಸ್ಟಿನಲ್ಲಿ ಅದರ ವಿಚಾರಣೆಗೆ ಕಿರಣ್ ಕುಮಾರ್ ಬಂದರು.

“ಏನಿಲ್ಲ ಶಿವಮಲ್ಲು, ಒಂದು ಫಾರ್ಮಾಲಿಟಿ. ಅವರ ಮನೇಲಿ ಒಂದು ಹೇಳಿಕೆ ತಗೊಂಡ್ರೆ ಮುಗೀತು” ಅಂದು ಬೈಕಿನ ಹಿಂದೆ ಕೂರಿಸಿಕೊಂಡರು. ಅವನ ಚೀಲದ ತಳದಲ್ಲಿ, ಹಳೇ ಟವೆಲಿನೊಳಗೆ ಆ ಮೊಹರಿತ್ತು. ಎಸೆಯಬೇಕು ಅಂತ ಎರಡು ಸಲ ಕೆರೆ ಏರಿಯ ತನಕ ಒಯ್ದು ವಾಪಸ್ ತಂದಿದ್ದ.

ಭಾನುವಿಗೆ ಅವತ್ತು ರಜೆ. ಗುರುಮಲ್ಲಮ್ಮ ಚಾಪೆ ಹಾಸಿ, ಸಾಹೇಬರಿಗೆ ನೀರು ಕೊಟ್ಟಳು. ಕಿರಣ್ ಕುಮಾರ್ ಕಾಗದ ತೊಡೆಯ ಮೇಲಿಟ್ಟುಕೊಂಡು ಕೇಳಿದರು: “ನೋಡಮ್ಮ, ಮೇ ತಿಂಗಳ ಇಪ್ಪತ್ತರಿಂದ ಇಪ್ಪತ್ತೇಳರ ತನಕ ನಿಮ್ಮ ಮನೆ ಬಾಗಿಲು ಹಾಕಿತ್ತಾ?”

ಗುರುಮಲ್ಲಮ್ಮ ಶಿವಮಲ್ಲುವಿನ ಕಡೆ ನೋಡಲಿಲ್ಲ. ಸೆರಗು ಸರಿಮಾಡಿಕೊಂಡಳು.

“ಊಂ ಸಾಮಿ. ಹಾಕಿತ್ತು.”

“ಅವ್ವಾ!” ಅಂದಳು ಭಾನು.

“ಸುಮ್ನಿರಮ್ಮಿ, ನಿಂಗೇನ್ ಗೊತ್ತು, ನೀನು ಫ್ಯಾಕ್ಟ್ರಿಗೋಗಿದ್ದೆ. ನಾನು ಹರದನಹಳ್ಳಿಗೆ ಓಗಿದ್ದೆ ಸಾಮಿ, ನಮ್ಮ ತಂಗಿ ಮನೆಗೆ. ಅವಳ್ಗೆ ಮೈಗೆ ಹುಷಾರಿರ್ನಿಲ್ಲ. ಬಾವ ಬಂದು ಬಂದು ವಾಪಸ್ ಓಗಿರ್ಬೇಕು, ಪಾಪ. ಅವ್ರದ್ದೇನೂ ತಪ್ಪಿಲ್ಲ.”

ಅವಳಿಗೆ ಎಲ್ಲ ಗೊತ್ತಿತ್ತು. ದಿನಾ ಮಜ್ಜಿಗೆಗೆ ಕರೆದಾಗಲೂ ಗೊತ್ತಿತ್ತು. 

ಕಿರಣ್ ಕುಮಾರ್ ನೆಮ್ಮದಿಯಾಗಿ ಬರೆಯತೊಡಗಿದರು. “ಹಾಗಾದ್ರೆ ವಿಳಾಸದಾರರು ಮನೇಲಿ ಇರ್ಲಿಲ್ಲ ಅಂತಾಯ್ತು. ನಮ್ಮ ಕಡೆಯಿಂದ ತಪ್ಪಾಗಿಲ್ಲ, ಫೈಲು ಮತ್ತೆ ತೆಗೆಯೋಕೆ ಬರಲ್ಲ. ಬೇಜಾರು ಮಾಡ್ಕೋಬೇಡಮ್ಮ, ಬೇರೆ ಏನಾದ್ರೂ ನೋಡೋಣ. ಇಲ್ಲೊಂದು ಹೆಬ್ಬೆಟ್ಟು ಒತ್ತಿ.”

ಗುರುಮಲ್ಲಮ್ಮ ಹೆಬ್ಬೆರಳನ್ನು ಶಾಯಿಯ ಪ್ಯಾಡಿಗೆ ಅದ್ದಿದಳು. ನೇರಳೆ ಶಾಯಿ. ಶಿವಮಲ್ಲು ಅದನ್ನು ನೋಡಲಾರದೆ ಮುಖ ತಿರುಗಿಸಿದ. ಎದುರಿಗೆ ಬಾಗಿಲಿತ್ತು. ಪುಟ್ಟಮಾದಯ್ಯ ಬದುಕಿದ್ದಾಗ ಕೆಳಗಲಹುಂಡಿಯ ಜನ ಯಾವ ಹೊತ್ತಿಗೆಂದರೆ ಆ ಹೊತ್ತಿಗೆ ಒಳಗೆ ಬಂದು, ಗೋಡೆಯ ಗೂಡಿನಿಂದ ತಮ್ಮ ಕಾಗದ ತಾವೇ ಆರಿಸಿಕೊಂಡು ಹೋಗುತ್ತಿದ್ದರು. ಚಿಲಕವಿದ್ದರೆ ಜನ ಸಂಕೋಚ ಪಡುತ್ತಾರೆ ಅಂತ ಅವನು ಹೊರಗಿನ ಚಿಲಕವನ್ನೇ ಕಿತ್ತು ಹಾಕಿದ್ದ. ಮೊಳೆ ಹೊಡೆದಿದ್ದ ನಾಲ್ಕು ತೂತುಗಳು ಹಾಗೇ ಇದ್ದವು. ಕೀಳುವಾಗ ಬಾಗಿಲನ್ನು ಹಿಡಿದುಕೊಂಡಿದ್ದವನು ಶಿವಮಲ್ಲು.

“ಸಾರ್” ಅಂದ. “ಆ ಬಾಗ್ಲಿಗೆ ಚಿಲಕಾನೇ ಇಲ್ಲ.”

ಗುರುಮಲ್ಲಮ್ಮನ ಹೆಬ್ಬೆರಳು ಕಾಗದದ ಮೇಲೆ ಅರ್ಧದಲ್ಲಿ ನಿಂತಿತು.

“ಬೀಗ ಹಾಕಣ ಅಂದ್ರೂ ಎಲ್ಗೆ ಹಾಕೋದು ಸಾರ್? ನಾನು ಬಂದೇ ಇಲ್ಲ. ಏಳು ದಿನದಲ್ಲಿ ಒಂದಿನವೂ ಈ ಹುಂಡಿಗೆ ಕಾಲಿಟ್ಟಿಲ್ಲ. ಆಯಮ್ಮ ನನ್ನ ಉಳ್ಸಕ್ಕೆ ಸುಳ್ಳು ಹೇಳ್ತಾ ಅದೆ.”

ಕಿರಣ್ ಕುಮಾರ್ ಪೆನ್ನು ಮುಚ್ಚಿ ಎದ್ದು, ಅವನ ತೋಳು ಹಿಡಿದು ಅಂಗಳದ ಮೂಲೆಗೆ ಕರೆದುಕೊಂಡು ಹೋದರು. ಸಾಹೇಬರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು.

“ಯೋಚ್ನೆ ಮಾಡಿ ಮಾತಾಡಿ ಶಿವಮಲ್ಲು. ಇದನ್ನ ಬರ್ಕೊಂಡ್ರೆ ನಾನು ನಿಮ್ಮನ್ನ ಕೆಲಸದಿಂದ ನಿಲ್ಲಿಸ್ಲೇಬೇಕು. ಆಮೇಲೆ ಈ ಮೂರು ಊರಿಗೆ ಯಾರು? ನನ್ನ ಕೈಕೆಳಗೆ ಹನ್ನೊಂದು ಜಾಗ ಖಾಲಿ ಬಿದ್ದಿದೆ. ಕೊಡಿ ಅಂತ ಕೇಳಿದ್ರೆ, ಇರೋರಲ್ಲೇ ಹೊಂದಿಸ್ಕೊಳ್ಳಿ ಅಂತಾರೆ. ನೀವೂ ಹೋದ್ರೆ ಈ ಆಫೀಸೇ ಬೇಡ ಅಂದ್ಬಿಡ್ತಾರೆ. ಆ ಅಮ್ಮನೇ ಹಾಕಿತ್ತು ಅಂತಿದ್ದಾರೆ. ನಿಮಗೇನು ಕಷ್ಟ?”

ಶಿವಮಲ್ಲು ಚೀಲದೊಳಗೆ ಕೈಹಾಕಿ ಟವೆಲು ಬಿಚ್ಚಿ ಮೊಹರನ್ನು ಸಾಹೇಬರ ಅಂಗೈಯಲ್ಲಿಟ್ಟ. ಕಿರಣ್ ಕುಮಾರ್ ಅದನ್ನು ತಿರುಗಿಸಿ, ಉಲ್ಟಾ ಅಕ್ಷರಗಳನ್ನು ಕಷ್ಟಪಟ್ಟು ಓದಿದರು. ಓದಿದ ಮೇಲೆ ಅವರೂ ತಲೆ ಎತ್ತಲಿಲ್ಲ.

“ಎಷ್ಟು ಕಾಗದಕ್ಕೆ ಒತ್ತಿದ್ದೀರಿ?”

“ಗೊತ್ತಿಲ್ಲ ಸಾರ್. ಎಣಿಸ್ಲಿಲ್ಲ.”

ಹೇಳಿಕೆಯನ್ನು ಅವನೇ ಬರೆದ. ಬಾಗಿಲ ಬಳಿ, ಮಂಡಿ ಮಡಚಲಾರದೆ ಒಂದು ಕಾಲು ಚಾಚಿಕೊಂಡು ಕೂತು ಬರೆದ. ಎಲ್ಲ ಮುಗಿಸಿ ರುಜು ಹಾಕುವ ಮುಂಚೆ ಕೆಳಗೆ ಇನ್ನೊಂದು ಸಾಲು ಸೇರಿಸಿದ: ‘ಪುಟ್ಟಮಾದಯ್ಯನವರ ಕೆಲಸವನ್ನೂ ತೊಂದರೆಯಿಲ್ಲದೆ ನಿಭಾಯಿಸುತ್ತೇನೆ ಎಂದು ಹಿಂದೆ ನಾನು ಬರೆದುಕೊಟ್ಟಿದ್ದು ಸಹ ಸುಳ್ಳು. ಅದು ಇಬ್ಬರ ಕೆಲಸ.’ ಕಿರಣ್ ಕುಮಾರ್ ಅದನ್ನು ಓದಿ, ಇದು ಬೇಡ ಅನ್ನುವ ಹಾಗೆ ಆ ಸಾಲಿನ ಮೇಲೆ ಬೆರಳಿಟ್ಟು, ಆಮೇಲೆ ಕಾಗದವನ್ನು ಫೈಲಿಗೆ ಸೇರಿಸಿದರು.

ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಅನ್ನುತ್ತಾರಲ್ಲ, ಅವನಿಗೆ ಹಾಗೇನೂ ಆಗಲಿಲ್ಲ. ಗುರುಮಲ್ಲಮ್ಮ ಹೆಬ್ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, “ಸಾಹೇಬ್ರ ಮುಂದೆ ನನ್ನ ಸುಳ್ಳಿ ಮಾಡ್ಬುಟ್ರಲ್ಲ ಬಾವ” ಅಂದಳು. “ಹೇಳೋದಿದ್ರೆ ನಾನು ಬಾಯಿ ಬಿಡಕ್ಕೆ ಮುಂಚೆನೇ ಹೇಳ್ಬೌದಿತ್ತು.”  ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಆ ಮನೆಯಿಂದ ಮಜ್ಜಿಗೆ ಕುಡಿಯದೆ ಹೊರಟ. ಅವತ್ತು ಯಾರೂ ಕರೆಯಲಿಲ್ಲ.

ವಾರದೊಳಗೆ ಪಕ್ಕದೂರಿನ ಪೋಸ್ಟ್ ಮಾಸ್ತರ ಶಿವಸ್ವಾಮಿ ಚಾರ್ಜು ತೆಗೆದುಕೊಂಡ. ಮೇಜು, ಪೆಟ್ಟಿಗೆ, ಬೋರ್ಡು ಎಲ್ಲ ಪಂಚಾಯ್ತಿ ಕಟ್ಟಡದ ಒಂದು ಕೋಣೆಗೆ ಹೋದವು. ಬೋರ್ಡು ಇದ್ದಷ್ಟು ಜಾಗ ಗೋಡೆಯ ಮೇಲೆ ಹೊಸ ಸುಣ್ಣದ ಹಾಗೆ ಬೆಳ್ಳಗೆ ಉಳಿಯಿತು. ಈರಮ್ಮ ಅಲ್ಲಿಗೊಂದು ಕ್ಯಾಲೆಂಡರ್ ತೂಗುಹಾಕಿ ನೋಡಿದಳು, ಸಾಲಲಿಲ್ಲ. ಶಿವಮಲ್ಲು ಬೀದಿಗೆ ಬರುವುದನ್ನೇ ಬಿಟ್ಟ. ಬೀರಯ್ಯನ ಅಂಗಡಿಯಲ್ಲಿ ತಮಾಷೆ ನಡೆಯುತ್ತಿದ್ದದ್ದು ಅವನಿಗೆ ಕೇಳುತ್ತಿತ್ತು: “ನಮ್ಮತ್ತೆ ಸತ್ತಿದ್ದೇ ನಂಗೆ ಗೊತ್ತಾಗ್ನಿಲ್ಲ ಕಣ್ಲಾ, ಬಾಗ್ಲು ಹಾಕಿತ್ತಂತೆ!” ಈರಮ್ಮ ಹೊಲಕ್ಕೆ ಹೋದ ಮೇಲೆ ಅವನು ಒಳಗಿನಿಂದ ಅಗುಳಿ ಹಾಕಿಕೊಂಡು ಕೂರುತ್ತಿದ್ದ.

ಮೂರು ವಾರ ಕಳೆದಿರಬೇಕು, ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು.

“ದೊಡ್ಡಪ್ಪ, ರಿಜಿಸ್ಟರ್ ಅದೆ.”

ಭಾನುವಿನ ದನಿ. ಅವಳ ಫೈಲನ್ನು ಮತ್ತೆ ಮೇಲಕ್ಕೆ ಕಳಿಸಿದ್ದಾರೆ, ಏನಾಗುವುದೋ ಗೊತ್ತಿಲ್ಲ, ಅಲ್ಲಿಯ ತನಕ ಹಂಚುವುದಕ್ಕೆ ಔಟ್‌ಸೈಡರ್ ಅಂತ ದಿನಗೂಲಿಗೆ ಇಟ್ಟುಕೊಂಡಿದ್ದಾರೆ ಅಂತ ಈರಮ್ಮ ಹೇಳಿದ್ದಳು. ಕೊಡುವವರು ಯಾರೆಂದು ಗೊತ್ತಿತ್ತು. ಆ ಕಾಗದ ಏನೆಂದೂ ಗೊತ್ತಿತ್ತು, ಕೆಲಸದಿಂದ ನಿಲ್ಲಿಸಿದ ಆದೇಶ. ಶಿವಮಲ್ಲು ಉಸಿರು ಬಿಗಿಹಿಡಿದು ಕೂತ.

“ಒಳ್ಗೆ ಇದ್ದೀರಿ ಅಂತ ಗೊತ್ತು. ಚಪ್ಲಿ ಇಲ್ಲೇ ಬಿದ್ದದೆ.”

ಅವನು ಕದಲಲಿಲ್ಲ. ಹೊರಗೆ ಚೀಲ ಇಳಿಸಿದ ಸದ್ದು. ಜಗಲಿಯ ಮೇಲೆ ಕೂತ ಸದ್ದು. ಪಕ್ಕದ ಮನೆಯವರನ್ನು ಒಂದು ಲೋಟ ನೀರು ಕೇಳಿದ ಸದ್ದು. “ನಿಧಾನಕ್ಕೆ ತೆಗೀರಿ, ನಾನು ಕಾಯ್ತೀನಿ. ಬಾಗ್ಲು ಹಾಕಿತ್ತು ಅಂತ ಒತ್ತಲ್ಲ ನಾನು.”

ಅವಳು ಕೂತಿದ್ದು ಅವಳಪ್ಪ ಕೊನೆಯ ಸಲ ಕೂತ ಜಾಗದಲ್ಲೇ. ಶಿವಮಲ್ಲು ಎದ್ದು ಅಗುಳಿ ತೆಗೆದ. ಬಿಸಿಲು ಕಣ್ಣಿಗೆ ಹೊಡೆಯಿತು. ಭಾನು ಮೊಬೈಲು ಚಾಚಿದಳು, ಅವನು ಗಾಜಿನ ಮೇಲೆ ಬೆರಳಲ್ಲಿ ರುಜು ಗೀಚಿದ. ಮುತ್ತಿನಂಥ ಅಕ್ಷರವೇನೂ ಬರಲಿಲ್ಲ.

“ನನ್ನ ಮ್ಯಾಲೆ ಸಿಟ್ಟಿಲ್ವೇನಮ್ಮಿ?”

“ಅದೆ” ಅಂದಳು ಭಾನು, ಚೀಲ ಹೆಗಲಿಗೇರಿಸುತ್ತ. “ಸಿಟ್ಟು ಎಲ್ಲೋಯ್ತದೆ? ಆದ್ರೆ ಈ ಬೀದೀಲಿ ಚಾಮುಂಡಿ ಅಂತ ಮೂರು ಜನ ಅವ್ರೆ. ಈ ಸ್ಪೀಡ್ ಪೋಸ್ಟು ಯಾವ ಚಾಮುಂಡಿದು ಅಂತ ಶಿವಸ್ವಾಮಣ್ಣಂಗೂ ಗೊತ್ತಿಲ್ಲ. ತೋರುಸ್ಬನ್ನಿ.”

“ನಾನು ಬೀದಿಗೆ ಹೆಂಗ್ ಬರ್ಲಮ್ಮಿ?”

“ನಡ್ಕಂಡು.”

ಅವನು ಚಪ್ಪಲಿ ಮೆಟ್ಟಿದ. ಅವಳು ಮುಂದೆ, ಎರಡು ಹೆಜ್ಜೆ ಹಿಂದೆ ಅವನು. ಜನ ಅವಳ ಹೆಗಲ ಚೀಲ ನೋಡಿ, ಆಮೇಲೆ ಅವನ ಬರಿಗೈ ನೋಡುತ್ತಿದ್ದರು. ಬೀರಯ್ಯ ಟೀ ಸೋಸುವುದನ್ನು ನಿಲ್ಲಿಸಿದ. ಬೀದಿಯ ಕೊನೆಯ ಮನೆ ಬಂತು.

“ಇದೇ” ಅಂದ ಶಿವಮಲ್ಲು.

ಬಾಗಿಲಿಗೆ ಬೀಗ ಹಾಕಿತ್ತು. ನಿಜವಾದ ಬೀಗ, ಅಂಗೈಯಗಲದ್ದು.

ಭಾನು ಮೊಬೈಲು ಹಿಡಿದುಕೊಂಡು ಅವನ ಕಡೆ ತಿರುಗಿದಳು. “ಈಗೇನ್ ಒತ್ಲಿ ದೊಡ್ಡಪ್ಪ?”

ಎಲ್ಲರೂ ಒತ್ತುವುದನ್ನೇ ಒತ್ತು ಅನ್ನಬೇಕಿತ್ತು. ಅದು ಸತ್ಯವೂ ಆಗಿತ್ತು. ಆದರೆ ಆ ಎರಡು ಮಾತಿಗೆ ಅವನ ನಾಲಿಗೆ ಹೊರಳಲಿಲ್ಲ. ಅವನು ಬೀಗವನ್ನು ಒಮ್ಮೆ ಮುಟ್ಟಿ ಎಳೆದು ನೋಡಿದ.

“ಹೂ ಕೀಳಕ್ಕೆ ಓಗಿರ್ತಾಳೆ” ಅಂದ, ಜಗಲಿಯ ಧೂಳನ್ನು ಹೆಗಲ ಟವೆಲಿನಿಂದ ಒರೆಸುತ್ತ. “ಹೂ ತೂಕ ಆಯ್ತಿದ್ದಂಗೆ ಬತ್ತಾಳೆ. ಕೂತ್ಕೊ.”

ಇಬ್ಬರೂ ಕೂತರು.